ಎಳನೀರಿನ ಲೇಖನದಲ್ಲಿ ಒಂದು ಸಾಲು ಬಿಟ್ಟೋಗಿದೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣಿಲಿ ಬೇಸಿಗೆಗೆ ಏನೇನು ಕುಡೀಬೇಕು ಅಂತ ಅರ್ಧ ಪುಟ ಬಂದಿತ್ತಲ್ಲ, ಎಳನೀರು, ರಾಗಿ ಅಂಬ್ಲಿ, ಸೊಪ್ಪು ಬೇಯಿಸಿದ ನೀರಿನ ಸೂಪು, ಕೊನೇಲಿ ಬಿಪಿ ಇರೋರು ಮಾಮೂಲಿ ಉಪ್ಪು ಬಿಟ್ಟು ಲೋ ಸೋಡಿಯಂ ಉಪ್ಪು ಬಳಸಿ ಅಂತ ಒಂದು ಬಾಕ್ಸು, ಅದನ್ನ ಓದಿದ ಮೇಲೆ ನಂಗೆ ಕಾಫಿ ಗಂಟ್ಲಲ್ಲಿ ಇಳೀಲಿಲ್ಲ. ಬರೆದಿರೋದು ತಪ್ಪು ಅಂತ ಹೇಳ್ತಿಲ್ಲ. ಕಿಡ್ನಿ ಸರಿ ಇರೋರಿಗೆ ಅದೆಲ್ಲ ಒಳ್ಳೇದೇ ಇರಬಹುದು. ಆದ್ರೆ ಆ ನಾಲ್ಕೂ ಐಟಮ್ಮು ನಮ್ಮನೇಲಿ ಒಟ್ಟಿಗೆ ಸೇರ್ಕೊಂಡು ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮನೆಯವಳನ್ನ ಐಸಿಯುಗೆ ಸೇರಿಸಿದ್ವು. ಅದಕ್ಕೇ ಬರೀತಿದೀನಿ. ಮೊಬೈಲಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡ್ತಿರೋದು, ಉದ್ದ ಆಯ್ತು ಅನ್ಸಿದ್ರೆ ಎಲ್ಲಿ ಬೇಕಾದ್ರೂ ಕತ್ತರಿಸಿ, ಉಪ್ಪಿನ ವಿಷಯ ಮಾತ್ರ ಬಿಡಬೇಡಿ.

ನಾನು ಡಾಕ್ಟ್ರಲ್ಲ. ಒಂದು ಫ್ಯಾಕ್ಟ್ರಿ ಟೂಲ್ ರೂಮಲ್ಲಿ 31 ವರ್ಷ ಇನ್‌ಸ್ಪೆಕ್ಷನ್ ಕೆಲಸ ಮಾಡಿ ರಿಟೈರ್ ಆದವನು, ವರ್ನಿಯರ್, ಮೈಕ್ರೋಮೀಟರ್ ಹಿಡ್ಕೊಂಡು ಒಂದು ಕೂದಲೆಳೆ ಜಾಸ್ತಿ ಇದ್ರೂ ರಿಜೆಕ್ಟ್ ಅಂತ ಕೆಂಪು ಬಣ್ಣ ಬಳಿಯೋನು. ಅಡಿಗೆಮನೆಗೆ ಕಾಲಿಟ್ಟಿದ್ದೇ ಅರವತ್ತು ದಾಟಿದ ಮೇಲೆ. ಮನೆಯವಳು ಮಾಗಡಿ ಕಡೆಯವಳು, ವಯಸ್ಸು 61, ಶುಗರ್ ಬಂದು 18 ವರ್ಷ ಆಯ್ತು, ಅದೇ ನಿಧಾನಕ್ಕೆ ಕಿಡ್ನಿ ತಿಂದಿದೆ. ಕಿಡ್ನಿ ಆಚೆ ಹಾಕ್ಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರ್ಸೋ ಕ್ರಿಯಾಟಿನಿನ್ 2.5, ಕಿಡ್ನಿ ಎಷ್ಟು ಚೆನ್ನಾಗಿ ಸೋಸ್ತಿದೆ ಅಂತ ಹೇಳೋ ಇಜಿಎಫ್‌ಆರ್ 21. ಅಂದ್ರೆ ನಾಲ್ಕನೇ ಸ್ಟೇಜು, 15ರಿಂದ 29ರ ಒಳಗೆ ಇದ್ರೆ ನಾಲ್ಕು, 15ಕ್ಕಿಂತ ಕೆಳಗೆ ಇಳಿದ್ರೆ ಐದು, ಆಮೇಲೆ ಡಯಾಲಿಸಿಸ್ ಮಾತು ಬರುತ್ತೆ. ನಮಗೆ ಇನ್ನೂ ಡಯಾಲಿಸಿಸ್ ಬಂದಿಲ್ಲ, ಬರದೇ ಇರೋ ಹಾಗೆ ಎಷ್ಟು ದಿನ ತಳ್ಳಬಹುದೋ ಅಷ್ಟು ದಿನ ತಳ್ಳೋದು ಅಂತ ಇಬ್ರೂ ಮಾತಾಡ್ಕೊಂಡಿದೀವಿ.

ಏಪ್ರಿಲ್‌ನಲ್ಲಿ ಆಗಿದ್ದು ಹೀಗೆ. ಬಿಸಿಲು ಜೋರಿತ್ತು, ಇವಳು ಕಾಲು ಭಾರ ರೀ, ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಅಂದ್ಲು. ಬಿಸಿಲಿಗೆ ಸುಸ್ತು ಅಂದ್ಕೊಂಡು ನಾನೇ ದಿನಕ್ಕೊಂದು ಇದ್ದ ಎಳನೀರನ್ನ ಎರಡು ಮಾಡಿದೆ, ಒಂದಕ್ಕೆ ಅರವತ್ತು ರೂಪಾಯಿ ಕೊಟ್ಟು! ಮೂರನೇ ದಿನ ಬಾತ್‌ರೂಮಿಂದ ಎದ್ದು ಬರೋಕೇ ಆಗ್ಲಿಲ್ಲ. ಆಟೋದಲ್ಲಿ ಹಾಕ್ಕೊಂಡು ಓಡಿದ್ವಿ. ರಕ್ತದಲ್ಲಿ ಪೊಟ್ಯಾಶಿಯಂ 6.7. ಅದು 3.5ರಿಂದ 5ರ ಆಸುಪಾಸಲ್ಲಿ ಇರಬೇಕು. ಇಸಿಜಿಲಿ ಗೆರೆ ಚೂಪಾಗಿ ಮೇಲೆದ್ದಿತ್ತು, ಡ್ಯೂಟಿ ಡಾಕ್ಟ್ರು ನೋಡಿದವ್ರೇ ನರ್ಸ್‌ನ ಕೂಗಿ ಕ್ಯಾಲ್ಸಿಯಂ ಇಂಜೆಕ್ಷನ್ ಹಾಕಿಸಿದ್ರು, ಆಮೇಲೆ ಗ್ಲೂಕೋಸ್ ಜೊತೆ ಇನ್ಸುಲಿನ್, ಶುಗರ್‌ಗೆ ಇರಬೇಕು ಅಂದ್ಕೊಂಡೆ ನಾನು, ಅಲ್ವಂತೆ, ಇನ್ಸುಲಿನ್ನು ರಕ್ತದಲ್ಲಿರೋ ಪೊಟ್ಯಾಶಿಯಂನ ತಾತ್ಕಾಲಿಕವಾಗಿ ಜೀವಕೋಶದ ಒಳಗೆ ತಳ್ಳುತ್ತಂತೆ, ಕ್ಯಾಲ್ಸಿಯಂ ಹಾಕಿದ್ದು ಅಷ್ಟೊತ್ತು ಹೃದಯ ಲಯ ತಪ್ಪದೇ ಇರಲಿ ಅಂತ. ಎರಡು ರಾತ್ರಿ ಮಾನಿಟರ್ ಕೀಂ ಕೀಂ ಅನ್ನೋದನ್ನ ಕೇಳ್ಕೊಂಡು ಕೂತಿದ್ದೆ.

ಮಾರನೇ ದಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಕೇಳಿದ ಮೊದಲ ಪ್ರಶ್ನೆ, "ಅಂಕಲ್, ಮನೇಲಿ ಯಾವ ಉಪ್ಪು ಹಾಕ್ತೀರ?" ನಾನು ಎದೆ ಉಬ್ಬಿಸ್ಕೊಂಡು ಹೇಳ್ದೆ, ಲೋ ಸೋಡಿಯಂ ಮೇಡಂ, ಬಿಪಿ ಇದೆ ಅಂತ ನಾಲ್ಕು ತಿಂಗಳಿಂದ ಅದೇ. ಆಯಮ್ಮ ಒಂದು ಉಸಿರು ಬಿಟ್ರು. ಆ ಉಪ್ಪಲ್ಲಿ ಸೋಡಿಯಂ ಕಮ್ಮಿ ಮಾಡೋದಕ್ಕೆ ಅದರ ಜಾಗದಲ್ಲಿ ಹಾಕೋದು ಪೊಟ್ಯಾಶಿಯಂ ಕ್ಲೋರೈಡು. ಮನೆಗೆ ಬಂದು ಪ್ಯಾಕೆಟ್ ಹಿಂದೆ ಭೂತಗನ್ನಡಿ ಇಟ್ಟು ನೋಡಿದೆ, ಇತ್ತು, ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಲ್ಲಿ. ಮುಂದುಗಡೆ ಮಾತ್ರ ದೊಡ್ಡದಾಗಿ ಹೃದಯದ ಚಿತ್ರ.

ಲೆಕ್ಕ ಹಾಕದೇ ನನಗೆ ನಿದ್ದೆ ಬರಲ್ಲ. ಪೊಟ್ಯಾಶಿಯಂ ಕ್ಲೋರೈಡಿನ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪೊಟ್ಯಾಶಿಯಂ. ಒಂದು ಉಪ್ಪಲ್ಲಿ ನೂರಕ್ಕೆ 30 ಭಾಗ ಅದೇ ಇದೆ ಅಂತಿಟ್ಕೊಳ್ಳಿ, ದಿನಕ್ಕೆ 5 ಗ್ರಾಂ ಉಪ್ಪು ಅಂದ್ರೆ 1.5 ಗ್ರಾಂ ಅದು, ಅದ್ರಲ್ಲಿ ಪೊಟ್ಯಾಶಿಯಂ ಹತ್ತತ್ರ 780 ಮಿಲಿಗ್ರಾಂ. ಒಂದು ದೊಡ್ಡ ಬಾಳೆಹಣ್ಣಲ್ಲಿ 400ರ ಮೇಲೆ ಚೂರು. ಅಂದ್ರೆ ನಾನು ಬಾಳೆಹಣ್ಣು ಬೇಡ ಅಂತ ತಟ್ಟೆಯಿಂದ ತೆಗೆದಿಟ್ಟು, ಸಾರಿನ ಮೂಲಕ ಎರಡು ಬಾಳೆಹಣ್ಣಿನಷ್ಟು ಹಾಕ್ತಿದ್ದೆ. ಎಳನೀರಲ್ಲಿ 100 ಮಿಲಿಗೆ 250 ಆಸುಪಾಸು, ಒಂದು ಬುರುಡೆಲಿ 300 ಮಿಲಿ ಇದ್ರೂ 700 ಮಿಲಿಗ್ರಾಂ ದಾಟುತ್ತೆ, ಅದನ್ನ ಎರಡು ಮಾಡಿದ ಪುಣ್ಯಾತ್ಮನೂ ನಾನೇ. ಆಸ್ಪತ್ರೇಲಿ ಡಯಟಿಷಿಯನ್ ಇವಳಿಗೆ ಹಾಕ್ಕೊಟ್ಟಿರೋ ಮಿತಿ ದಿನಕ್ಕೆ 2000 ಮಿಲಿಗ್ರಾಂ ಪೊಟ್ಯಾಶಿಯಂ. ಉಪ್ಪು ಮತ್ತೆ ಎಳನೀರಲ್ಲೇ ಅದು ಮುಗಿದು ಮೇಲೆ ಹೋಗಿತ್ತು, ಅನ್ನ ಸಾರು ಪಲ್ಯ ಹಾಲು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಚೆನ್ನಾಗಿರೋ ಕಿಡ್ನಿ ಆದ್ರೆ ಜಾಸ್ತಿ ಆಗಿದ್ದನ್ನ ಮೂತ್ರದಲ್ಲಿ ಆಚೆ ಹಾಕ್ಬಿಡುತ್ತೆ, ನಮ್ಮ ದೇಹದಿಂದ ಹೊರಗೆ ಹೋಗೋ ಪೊಟ್ಯಾಶಿಯಂನಲ್ಲಿ ಬಹುಪಾಲು ಕಿಡ್ನಿ ಮೂಲಕವೇ ಹೋಗೋದು, ಸ್ವಲ್ಪ ಮಾತ್ರ ಮಲದಲ್ಲಿ. ಕಿಡ್ನಿ ಕೈಕೊಟ್ಟೋರಿಗೆ ಆ ಸ್ವಲ್ಪನೂ ಮುಖ್ಯ, ಅದಕ್ಕೇ ಅವರಿಗೆ ಮಲಬದ್ಧತೆ ಆದ್ರೂ ಪೊಟ್ಯಾಶಿಯಂ ಏರುತ್ತೆ. ಇನ್ನೊಂದು, ಬಿಪಿಗೆ ಅಂತ ಕೊಡೋ ಟೆಲ್ಮಿಸಾರ್ಟನ್ ಥರದ ಮಾತ್ರೆಗಳೂ ಪೊಟ್ಯಾಶಿಯಂ ಏರಿಸ್ತಾವೆ, ಕಿಡ್ನಿ ಕಾಪಾಡೋಕೆ ಕೊಡೋದೂ ಅದನ್ನೇ, ಹಾಗಾಗಿ ನಾವಾಗೇ ನಿಲ್ಲಿಸೋ ಹಾಗೂ ಇಲ್ಲ, ಡಾಕ್ಟ್ರು ರಕ್ತ ನೋಡ್ಕೊಂಡು ಹೆಚ್ಚು ಕಮ್ಮಿ ಮಾಡ್ಬೇಕು.

ವಿಶ್ವ ಆರೋಗ್ಯ ಸಂಸ್ಥೆಯವ್ರು 2025ರ ಜನವರಿಲಿ ಈ ಲೋ ಸೋಡಿಯಂ ಉಪ್ಪಿನ ಬಗ್ಗೆ ಒಂದು ಮಾರ್ಗಸೂಚಿ ಬಿಟ್ಟಿದಾರೆ. ಬಳಸ್ಬಹುದು ಅಂತಲೇ ಇದೆ, ಆದ್ರೆ ಗರ್ಭಿಣಿಯರು, ಮಕ್ಕಳು, ಕಿಡ್ನಿ ತೊಂದರೆ ಇರೋರು, ಇವರಿಗೆ ಈ ಮಾತು ಅನ್ವಯ ಆಗಲ್ಲ ಅಂತ ಅದರಲ್ಲೇ ಬರೆದಿದಾರೆ. ನಿಮ್ಮ ಬಾಕ್ಸಲ್ಲಿ ಬಿಟ್ಟೋಗಿರೋ ಸಾಲು ಇದೇ ಸ್ವಾಮಿ. ಒಂದೇ ಸಾಲು. ಜಾಗ ಇರಲಿಲ್ಲ ಅಂತ ಮಾತ್ರ ಹೇಳ್ಬೇಡಿ, ಪಕ್ಕದಲ್ಲಿ ಗ್ಲಾಸಿನ ಫೋಟೋ ಮೂರು ಕಾಲಂ ಇತ್ತು.

ಹಾಗಂತ ಮಾಮೂಲಿ ಉಪ್ಪನ್ನ ಸುರ್ಕೊಳ್ಳಿ ಅಂತಲ್ಲ. ಸೋಡಿಯಂ ದಿನಕ್ಕೆ 2 ಗ್ರಾಂ ಒಳಗೆ, ಅಂದ್ರೆ ಉಪ್ಪು 5 ಗ್ರಾಂ, ಒಂದು ಟೀ ಚಮಚಕ್ಕೆ ಚೂರು ಕಮ್ಮಿ, ಮೂರು ಹೊತ್ತಿಗೂ ಸೇರಿಸಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ ಎಲ್ಲಾ ಸೇರಿ. ನಮ್ಮ ಭಾವಮೈದ ಒಂದು ಕೆಜಿ ಪಿಂಕ್ ಸಾಲ್ಟ್ ತಂದ್ಕೊಟ್ಟ, ಸೈಂಧವ ಲವಣ ಅಕ್ಕಂಗೆ ಏನೂ ಮಾಡಲ್ಲ ಭಾವ ಅಂತ. ಬಣ್ಣ ಬೇರೆ, ಒಳಗಿರೋದು ಅದೇ ಸೋಡಿಯಂ ಕ್ಲೋರೈಡು, ಬೆಲೆ ಮಾತ್ರ ಐದಾರು ಪಟ್ಟು. ನಾನೀಗ ಬೆಳಿಗ್ಗೆ ಇವಳ ಪಾಲಿನ ಉಪ್ಪನ್ನ ಸಣ್ಣ ಡಬ್ಬೀಲಿ ತೂಕ ಮಾಡಿಟ್ಬಿಡ್ತೀನಿ, 4 ಗ್ರಾಂ, ರಾತ್ರಿ ತನಕ ಅದ್ರಲ್ಲೇ ಮುಗೀಬೇಕು. ನಾಲಿಗೆಗೆ ಮೊದಲು ಎರಡು ವಾರ ಕಷ್ಟ, ಆಮೇಲೆ ನಿಂಬೆಹುಳಿ, ಮೆಣಸು, ಇಂಗಿನ ಒಗ್ಗರಣೆಗೆ ಹೊಂದ್ಕೊಂಡುಬಿಡುತ್ತೆ.

ಈಗ ಅಸಲು ಜಗಳದ ವಿಷಯಕ್ಕೆ ಬರ್ತೀನಿ. ಡಿಸ್ಚಾರ್ಜ್ ದಿನ ಒಂದು ಡಯಟ್ ಶೀಟ್ ಕೊಟ್ರು, ಪೂರ್ತಿ ಇಂಗ್ಲಿಷು, ಅದ್ರಲ್ಲಿ ತಿನ್ನಬೇಡಿ ಅನ್ನೋ ಪಟ್ಟೀಲಿ ಮೊದಲನೇದು ಅವಕಾಡೊ, ಎರಡನೇದು ಕೇಲ್, ಆಮೇಲೆ ಆರೆಂಜ್ ಜ್ಯೂಸು, ಬೇಕ್ ಮಾಡಿದ ಆಲೂಗಡ್ಡೆ. ಮಾಗಡಿಯವಳಿಗೆ ಕೇಲ್ ಅಂದ್ರೆ ಏನು ಅಂತ ನಾನೇ ಗೂಗಲ್ ಮಾಡಿ ತೋರ್ಸಿದೆ, ಇದು ಕೋಸಿನ ಸೊಪ್ಪಿದ್ದಂಗಿದೆ ಬಿಡ್ರೀ, ನಾವು ಯಾವತ್ತು ತಿಂದ್ವಿ ಅಂದ್ಲು. ಹಾಗಾದ್ರೆ ಎಲ್ಲಾ ತಿನ್ಬಹುದು ಅಂತ ಇಬ್ರಿಗೂ ಖುಷಿ! ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಒಬ್ಬಟ್ಟಿನ ಸಾರು, ಇವು ಯಾವುದರ ಹೆಸರೂ ಆ ಶೀಟಲ್ಲಿ ಇರಲಿಲ್ಲ. ಇರೋ ಅಪಾಯ ಎಲ್ಲಾ ಅಲ್ಲೇ ಇತ್ತು.

ಯಾಕೆ ಅಂದ್ರೆ ಪೊಟ್ಯಾಶಿಯಂ ನೀರಲ್ಲಿ ಕರಗುತ್ತೆ. ತರಕಾರಿ ಸಣ್ಣಗೆ ಹೆಚ್ಚಿ, ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ತುಂಬಾ ನೀರಲ್ಲಿ ಬೇಯಿಸಿ ಆ ನೀರನ್ನೂ ಚೆಲ್ಲಿದ್ರೆ ಒಳ್ಳೇ ಪಾಲು ಹೊರಗೆ ಹೋಗುತ್ತೆ. ಪೂರ್ತಿ ಹೋಗಲ್ಲ, ಅದಕ್ಕೆ ಬಸಿದ ಪಲ್ಯ ಅಂತ ಬಟ್ಲುಗಟ್ಲೆ ತಿನ್ನೋ ಹಾಗಿಲ್ಲ, ಆದ್ರೂ ದೊಡ್ಡ ವ್ಯತ್ಯಾಸ. ಡಯಟಿಷಿಯನ್ ಇದನ್ನ ಹೇಳಿದಾಗ ಇವಳು ನಕ್ಕುಬಿಟ್ಲು, ಇದೇನು ಹೊಸದಾ, ನಾವು ಹುಟ್ಟಿದಾಗಿಂದ ಬಸಿದೇ ತಿನ್ನೋದು ಅಂತ. ಸರಿನೇ. ದಂಟಿನ ಸೊಪ್ಪು ಕಾಳು ಬೇಯಿಸಿ, ಬಸಿದು, ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಆದ್ರೆ ಬಸಿದ ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದ್ರೆ ಅಲ್ವಾ ಬಸ್ಸಾರು! ಬೇರೆಯವ್ರು ಚೆಲ್ಲೋದನ್ನ ನಾವು ಮುದ್ದೆಗೆ ಕಲಸ್ಕೊಂಡು ತಿಂತೀವಿ. ಸೊಪ್ಪಿಂದೂ ಕಾಳಿಂದೂ ಪೊಟ್ಯಾಶಿಯಂ ಎಲ್ಲಾ ಇಳಿದಿರೋದು ಆ ನೀರಿಗೇ. ಅಂದ್ರೆ ಬಸ್ಸಾರಲ್ಲಿ ಕಿಡ್ನಿಯವ್ರಿಗೆ ಪಲ್ಯ ಒಂದು ಹಿಡಿ ಪರವಾಗಿಲ್ಲ, ಸಾರು ಆಗಲ್ಲ. ಮಸ್ಸೊಪ್ಪಲ್ಲಿ ಏನೂ ಬಸಿಯೋದೇ ಇಲ್ಲ, ಎಲ್ಲಾ ಅದ್ರಲ್ಲೇ ಮಸೆದು ಇಟ್ಟಿರ್ತಾರೆ, ಹಾಗಾಗಿ ಅದು ಪೂರ್ತಿ ಬಂದ್. ಕುಕ್ಕರಲ್ಲಿ ನೀರು ಅಳತೆಗೆ ಇಟ್ಟು ಕೂಗಿಸಿದ್ರೂ ಅದೇ ಕಥೆ, ಏನೂ ಹೊರಗೆ ಹೋಗಿರಲ್ಲ.

ಇದನ್ನ ಒಪ್ಪಿಸೋಕೆ ನಂಗೆ ಸಾಕು ಸಾಕಾಯ್ತು. ಸಿಂಕ್ ಹತ್ರ ನಾನು ಪಾತ್ರೆ ಬಗ್ಗಿಸಿದ್ರೆ ಹಿಂದಿಂದ ಕೂಗು, "ಸೊಪ್ಪಿನ ಸತ್ವ ಎಲ್ಲಾ ಚರಂಡಿಗೆ ಹಾಕ್ತಿದೀರಲ್ರೀ, ನಿಮ್ಮಮ್ಮ ಇದ್ದಿದ್ರೆ ಮನೆಯಿಂದ ಆಚೆ ಹಾಕಿರೋರು." ನಿಜ, ನಮ್ಮಮ್ಮ ಅನ್ನದ ಗಂಜಿನೂ ಸಿಬ್ಬಲು ಮುಚ್ಚಿ ಬಸಿದು ಇಟ್ಕೊಂಡು ಮಧ್ಯಾಹ್ನ ಉಪ್ಪು ಮಜ್ಜಿಗೆ ಹಾಕ್ಕೊಂಡು ಕುಡಿಯೋಳು. ಕಷ್ಟದಲ್ಲಿ ಬೆಳೆದವರ ಕೈಲಿ ಬೇಯಿಸಿದ ನೀರು ಚೆಲ್ಲು ಅಂದ್ರೆ ಅನ್ನ ಚೆಲ್ಲು ಅಂದಂಗೆ. ಕೊನೆಗೆ ಒಂದು ಉಪಾಯ ಮಾಡಿದೆ, ಉಪ್ಪು ಹಾಕದೇ ಬೇಯಿಸಿ, ಬಸಿದ ನೀರನ್ನ ಬಕೆಟ್ಟಲ್ಲಿ ಆರಿಸಿ ಟೆರೇಸ್ ಮೇಲಿರೋ ಕರಿಬೇವಿನ ಗಿಡಕ್ಕೆ ಹಾಕೋದು. ಗಿಡಕ್ಕೆ ಪೊಟ್ಯಾಶಿಯಂ ಬೇಕೇ ಬೇಕು. ಚೆಲ್ಲಿಲ್ಲ ಅಂತ ಇವಳಿಗೆ ಸಮಾಧಾನ, ಗಿಡ ನನ್ನೆತ್ತರ ಆಗಿದೆ, ಬೀದಿಯವ್ರೆಲ್ಲಾ ಬಂದು ಕಿತ್ಕೊಂಡು ಹೋಗ್ತಾರೆ.

ಈ ಸಲ ಯುಗಾದಿಗೆ ಒಬ್ಬಟ್ಟು ಮಾಡಿದ್ವಿ, ಬೇಳೆ ಬೇಯಿಸಿ ಬಸಿದ ಕಟ್ಟಲ್ಲೇ ಒಬ್ಬಟ್ಟಿನ ಸಾರು ತಾನೇ, ತೊಗರಿಬೇಳೆಲಿ 100 ಗ್ರಾಮಿಗೆ ಸಾವಿರದ ಮೇಲೆ ಮಿಲಿಗ್ರಾಂ ಪೊಟ್ಯಾಶಿಯಂ ಇದೆ, ಮಾರನೇ ದಿನ ಕುದಿದು ಕುದಿದು ಗಟ್ಟಿ ಆದಷ್ಟೂ ರುಚಿ ಅಂತ ಎಲ್ರೂ ಕಾಯೋದು. ಮೊಮ್ಮಕ್ಕಳು ಸುರ್ ಸುರ್ ಅಂತ ಕುಡೀತಿದ್ರೆ ಇವಳು ಅರ್ಧ ಒಬ್ಬಟ್ಟಿಗೆ ತುಪ್ಪ ಹಾಕ್ಕೊಂಡು ಸುಮ್ನೆ ಕೂತಿದ್ಲು. ಬೆರಳಲ್ಲಿ ಅದ್ದಿ ನೆಕ್ಕಿದ್ದು ನಾನು ನೋಡ್ದೆ. ನೋಡದ ಹಾಗೆ ಇದ್ದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು 2017ರಲ್ಲಿ ನಮ್ಮ ದೇಶದ 528 ಆಹಾರದ ಬಗ್ಗೆ ಒಂದು ಕೋಷ್ಟಕ ಪುಸ್ತಕ ಮಾಡಿದಾರೆ, ಮಗ ಅದರ ಪಿಡಿಎಫ್ ಹಾಕ್ಕೊಟ್ಟ, ಇಂಗ್ಲಿಷಲ್ಲಿದೆ, ಆದ್ರೂ ನಂಬರ್ ತಾನೇ. ಅದನ್ನ ನೋಡ್ಕೊಂಡು ಫ್ರಿಜ್ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದೀನಿ. ಸೋರೆಕಾಯಿ, ಪಡವಲಕಾಯಿ, ಹೀರೇಕಾಯಿ, ಎಲೆಕೋಸು, ಸೀಮೆಬದನೆ ಒಂದು ಕಡೆ. ಸೀಮೆಬದನೆಗೆ ತಮಿಳ್ರು ಬೆಂಗಳೂರು ಕತ್ರಿಕಾಯಿ ಅಂತಲೇ ಕರೀತಾರೆ, ನಮ್ಮೂರ ಹೆಸರಿನ ತರಕಾರಿ ನಮಗೇ ಆಗಿಬಂತು. ಇನ್ನೊಂದು ಕಡೆ ನುಗ್ಗೆ ಸೊಪ್ಪು, ಪಾಲಕ್, ಆಲೂಗಡ್ಡೆ, ಟೊಮ್ಯಾಟೊ, ಸುವರ್ಣಗಡ್ಡೆ. ರಾಗಿ ನೋಡಿ ಬೇಜಾರಾಯ್ತು, 100 ಗ್ರಾಂ ರಾಗೀಲಿ ಪೊಟ್ಯಾಶಿಯಂ 400ರ ಮೇಲೆ, ಅದೇ ಬಿಳಿ ಅಕ್ಕೀಲಿ 100 ಚಿಲ್ರೆ ಅಷ್ಟೇ. ಊರೆಲ್ಲಾ ಸಿರಿಧಾನ್ಯ ಸಿರಿಧಾನ್ಯ ಅಂತ ಕುಣೀತಿರೋವಾಗ, 2023ನ್ನ ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆನೇ ಮಾಡಿರೋವಾಗ, ನಮ್ಮನೇಲಿ ಉಲ್ಟಾ, ಬಿಳಿ ಅನ್ನ ತಿನ್ನಿ ಅಂತ ಹೇಳಿಸ್ಕೊಂಡು ಬಂದ್ವಿ. ಅದೂ ಶುಗರ್ ಇರೋಳಿಗೆ. ಹಾಗಾಗಿ ಅನ್ನನೂ ತೂಕ. ರಾಗಿ ಪೂರ್ತಿ ಬಿಟ್ಟಿಲ್ಲ, ಭಾನುವಾರ ಒಂದು ಕಿತ್ತಳೆ ಗಾತ್ರದ ಮುದ್ದೆ, ಅವತ್ತು ಬೇರೆ ಕಡೆ ಕಡಿತ.

ಕಾಫಿ ಬಗ್ಗೆ ಎಲ್ರೂ ಕೇಳ್ತಾರೆ. ಹಾಲಲ್ಲಿ ಪೊಟ್ಯಾಶಿಯಂ, ಫಾಸ್ಫರಸ್ ಎರಡೂ ಇದೆ, ಆದ್ರೆ ಕಾಫಿ ಬಿಡು ಅಂದ್ರೆ ಇವಳು ನನ್ನನ್ನೇ ಬಿಡ್ತಾಳೆ. ಬೆಂಗಳೂರಲ್ಲಿ ಇದಕ್ಕೆ ಮೊದಲಿಂದ ಪರಿಹಾರ ಇದೆ, ಬೈ ಟೂ. ಬೆಳಿಗ್ಗೆ ಒಂದು ಬೈ ಟೂ, ಸಂಜೆ ಒಂದು ಬೈ ಟೂ.

ಫಾಸ್ಫರಸ್ ಅಂದ್ನಲ್ಲ, ಅದು ಪೊಟ್ಯಾಶಿಯಂ ಥರ ಒಂದೇ ಸಲ ಬಂದು ಹೊಡೆಯಲ್ಲ, ಸದ್ದಿಲ್ಲದೇ ಮನೆ ಸೇರ್ಕೊಳ್ಳುತ್ತೆ. ಇವಳಿಗೆ ರಾತ್ರಿ ಹೊತ್ತು ಕೈ ಬೆನ್ನು ಕೆರೆತ, ಸೋಪು ಬದಲಾಯಿಸಿದ್ವಿ, ಕೊಬ್ರಿ ಎಣ್ಣೆ ಹಚ್ಚಿದ್ವಿ, ಸೊಳ್ಳೆ ಅಂದ್ವಿ. ರಿಪೋರ್ಟಲ್ಲಿ ಫಾಸ್ಫರಸ್ 6.1, ಇರಬೇಕಾದ್ದು 2.5ರಿಂದ 4.5. ಇದು ಏರ್ತಾ ಹೋದ್ರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆದು ಮೂಳೆ ಸವೆಯುತ್ತೆ, ರಕ್ತನಾಳದ ಗೋಡೇಲಿ ಸುಣ್ಣ ಕಟ್ಟುತ್ತೆ ಅಂದ್ರು. ಅದಕ್ಕೆ ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ ಎಂಟು ತಿಂಗಳಿಂದ ನುಂಗ್ತಾನೇ ಇದ್ಲಲ್ಲ, ಯಾಕೆ ಇಳೀಲಿಲ್ಲ? ನಾನು ಅದನ್ನ ಬೆಳಿಗ್ಗೆ ಹಲ್ಲುಜ್ಜಿದ ತಕ್ಷಣ ಉಳಿದ ಮಾತ್ರೆ ಜೊತೆ ಖಾಲಿ ಹೊಟ್ಟೆಗೆ ಕೊಡ್ತಿದ್ದೆ! ಆ ಮಾತ್ರೆ ಕೆಲಸ ಮಾಡೋದು ಹೊಟ್ಟೆಲಿ ಊಟ ಇದ್ದಾಗ, ಊಟದಲ್ಲಿರೋ ಫಾಸ್ಫರಸ್‌ನ ಹಿಡ್ಕೊಂಡು ಮಲದಲ್ಲಿ ಆಚೆ ಹಾಕುತ್ತೆ, ಊಟನೇ ಇಲ್ಲ ಅಂದ್ರೆ ಹಿಡಿಯೋದು ಏನನ್ನ? ಊಟದ ಜೊತೆಗೆ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ, ಚೀಟೀಲಿ ಎರಡು ಇಂಗ್ಲಿಷ್ ಅಕ್ಷರ ಗೀಚಿದ್ರು. ಈಗ ತಟ್ಟೆ ಪಕ್ಕದಲ್ಲೇ ಮಾತ್ರೆ ಇಡ್ತೀನಿ, ಮೊದಲ ತುತ್ತಿನ ಜೊತೆ.

ಇನ್ನೊಂದು ನಂಗೆ ಗೊತ್ತಿರದೇ ಇದ್ದಿದ್ದು, ಫಾಸ್ಫರಸ್ ಎಲ್ಲಾ ಒಂದೇ ಅಲ್ಲ. ಬೇಳೆ ಕಾಳಲ್ಲಿರೋದು ಫೈಟೇಟ್ ಅನ್ನೋ ರೂಪದಲ್ಲಿ ಕಟ್ಕೊಂಡಿರುತ್ತೆ, ನಮ್ಮ ಕರುಳು ಅದನ್ನ ಅರ್ಧನೂ ಹೀರ್ಕೊಳ್ಳಲ್ಲ. ಹಾಲು, ಮಾಂಸದ್ದು ಇನ್ನೂ ಸ್ವಲ್ಪ ಜಾಸ್ತಿ ಹೋಗುತ್ತೆ. ಆದ್ರೆ ಫ್ಯಾಕ್ಟ್ರೀಲಿ ಕೆಡದೇ ಇರ್ಲಿ, ಮೆತ್ತಗಿರ್ಲಿ, ಉಬ್ಬಲಿ ಅಂತ ಹಾಕೋ ಫಾಸ್ಫೇಟ್ ಇದ್ಯಲ್ಲ, ಅದು ಹೆಚ್ಚೂ ಕಮ್ಮಿ ಪೂರ್ತಿ ರಕ್ತಕ್ಕೆ ಸೇರುತ್ತೆ. ಕೋಲಾದಲ್ಲಿ, ಪ್ರೊಸೆಸ್ಡ್ ಚೀಸಲ್ಲಿ, ಎಷ್ಟೋ ಬೇಕಿಂಗ್ ಪೌಡರಲ್ಲಿ, ಕೆಲವು ನೂಡಲ್ಸಲ್ಲಿ ಇರುತ್ತೆ. ಪ್ಯಾಕೆಟ್ ಮೇಲೆ ಫಾಸ್ಫರಸ್ ಇಷ್ಟು ಅಂತ ಬರೆದಿರಲ್ಲ, ಐಎನ್‌ಎಸ್ ಅಂತ ಆಹಾರಕ್ಕೆ ಬೆರೆಸೋ ಪದಾರ್ಥಗಳಿಗೆ ಕೊಟ್ಟಿರೋ ಕೋಡು, ಅದರಲ್ಲಿ 338, 339, 340, 341, 450, 451, 452 ಅಂತ ನಂಬರ್ ಇರುತ್ತೆ, ಅವೇ. ನಾನು ಈ ಏಳು ನಂಬರ್‌ನ ಪರ್ಸಲ್ಲಿ ಬರ್ಕೊಂಡಿದೀನಿ, ಅಂಗಡೀಲಿ ಕನ್ನಡಕ ಮೇಲೆತ್ತಿ ಒಂದೊಂದೇ ಪ್ಯಾಕೆಟ್ ತಿರುಗಿಸ್ತಿದ್ರೆ ಹುಡುಗ್ರು ಅಂಕಲ್ ಎಕ್ಸ್‌ಪೈರಿ ಆಗಿಲ್ಲ ತಗೊಳ್ಳಿ ಅಂತಾರೆ. 508 ಅಂದ್ರೆ ಪೊಟ್ಯಾಶಿಯಂ ಕ್ಲೋರೈಡು, ಅದನ್ನೂ ಸೇರಿಸ್ಕೊಳ್ಳಿ.

ನನ್ನ ದೂರು ಇಲ್ಲೇ ಇರೋದು. ನಮ್ಮ ದೇಶದ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐನವರ 2020ರ ಲೇಬಲ್ ನಿಯಮದಲ್ಲಿ ಕ್ಯಾಲೊರಿ, ಪ್ರೋಟೀನ್, ಸಕ್ಕರೆ, ಕೊಬ್ಬು, ಸೋಡಿಯಂ ಬರೀಲೇಬೇಕು. ಪೊಟ್ಯಾಶಿಯಂ, ಫಾಸ್ಫರಸ್ ಬರೀಲೇಬೇಕು ಅಂತಿಲ್ಲ. ಅಮೆರಿಕದಲ್ಲಿ 2016ರಲ್ಲೇ ಪೊಟ್ಯಾಶಿಯಂ ಕಡ್ಡಾಯ ಮಾಡಿ ನಿಯಮ ತಂದಿದಾರೆ, ಅಲ್ಲೂ ಫಾಸ್ಫರಸ್ ಕಡ್ಡಾಯ ಇಲ್ಲ ಅನ್ನೋದು ಬೇರೆ ಮಾತು. ಟೂಲ್ ರೂಮಲ್ಲಿ ಅಳತೆ ಬರೀದೇ ಇರೋ ಡ್ರಾಯಿಂಗ್ ಕಳ್ಸಿದ್ರೆ ನಾವು ವಾಪಸ್ ಎಸೀತಿದ್ವಿ. ಇಲ್ಲಿ ಜೀವ ಹೋಗೋ ಐಟಂ, ಅಳತೆ ಇಲ್ಲ! ಬೇರೇನೂ ಬೇಡ, ಕೊನೇ ಪಕ್ಷ ಲೋ ಸೋಡಿಯಂ ಉಪ್ಪಿನ ಪ್ಯಾಕೆಟ್ ಮುಂದುಗಡೆ, ಆ ಹೃದಯದ ಚಿತ್ರದ ಪಕ್ಕದಲ್ಲೇ, ಕಿಡ್ನಿ ತೊಂದರೆ ಇರೋರು ಡಾಕ್ಟ್ರನ್ನ ಕೇಳದೇ ಬಳಸಬೇಡಿ ಅಂತ ಕನ್ನಡದಲ್ಲಿ ಒಂದು ಸಾಲು ಹಾಕ್ಸೋಕೆ ಏನು ಕಷ್ಟ? ನಿಮ್ಮ ಪತ್ರಿಕೆ ಇದನ್ನ ಕೈಗೆತ್ಕೊಂಡ್ರೆ ನಾನು ಸೈನು ಹಾಕಿಸೋಕೆ ಮನೆ ಮನೆ ತಿರುಗೋಕೂ ರೆಡಿ.

ಇನ್ನು ನಮ್ಮ ಜನ. ಕಿಡ್ನಿ ಅಂದ ತಕ್ಷಣ ಎಲ್ರಿಗೂ ಜ್ಞಾಪಕ ಬರೋದು ಕಲ್ಲು. ಕಲ್ಲಿಗೆ ನೀರು ಜಾಸ್ತಿ ಕುಡೀರಿ ಅಂತಾರೆ, ಬಾಳೆದಿಂಡು ತಿನ್ನಿ ಅಂತಾರೆ, ಅದೇ ಮಾತನ್ನ ತಂದು ಕಿಡ್ನಿ ಕೆಲಸ ನಿಲ್ಲಿಸ್ತಿರೋರಿಗೂ ಹೇಳ್ತಾರೆ. ಎರಡೂ ಬೇರೆ ಬೇರೆ ಕಾಯಿಲೆ ಸ್ವಾಮಿ. ಕಾಲು ಊದ್ಕೊಂಡಿರೋರಿಗೆ ನೀರೇ ಅಳತೆ ಮೇಲೆ. ಪಾರ್ಕ್ ಗೇಟಲ್ಲಿ ಬೆಳಿಗ್ಗೆ ಗರಿಕೆ, ಬೂದುಗುಂಬಳ, ಬಾಳೆದಿಂಡಿನ ಜ್ಯೂಸ್ ಮಾರ್ತಾರಲ್ಲ, ವಾಕಿಂಗ್ ಮಿತ್ರರೊಬ್ರು ಪ್ರೀತಿಯಿಂದ ಬಾಟ್ಲಿ ತುಂಬಿಸ್ಕೊಂಡು ಮನೆಗೇ ತಂದುಕೊಟ್ರು, ಬೇಡ ಅಂದ್ರೆ ಬೇಜಾರು ಮಾಡ್ಕೊಂಡ್ರು, ಈಗ ಮಾತು ಬಿಟ್ಟಿದಾರೆ. ಇರ್ಲಿ. ಸ್ಕೂಲ್ ಗೇಟ್ ಹತ್ರ ಗಾಡೀಲಿ ಮಾವಿನಕಾಯಿ, ನೆಲ್ಲಿಕಾಯಿ ಜೊತೆ ಉಪ್ಪು ಖಾರ ಸವರಿ ಸ್ಟಾರ್ ಫ್ರೂಟ್ ಮಾರ್ತಾರೆ ನೋಡಿ, ಕಮರಾಕ್ಷಿ ಅಂತಾರಲ್ಲ, ಅದಂತೂ ಕಿಡ್ನಿ ಕಾಯಿಲೆಯವ್ರು ಒಂದು ಚೂರೂ ಬಾಯಿಗೆ ಹಾಕ್ಬಾರ್ದು. ಅದರಲ್ಲಿರೋ ಒಂದು ವಿಷ ಕಿಡ್ನಿ ಮೂಲಕ ಆಚೆ ಹೋಗದೇ ಮಿದುಳಿಗೆ ಹೊಡೆಯುತ್ತೆ, ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ತನಕ ಹೋಗುತ್ತೆ.

ಇದಕ್ಕೆ ತದ್ವಿರುದ್ಧದ ತಪ್ಪೂ ನಮ್ಮ ಬಿಲ್ಡಿಂಗಲ್ಲೇ ನಡೀತು. ಮೇಲ್ಗಡೆ ಮನೆಯವ್ರಿಗೆ ಶುಗರ್, ಕಿಡ್ನಿ ಚೂರು ವೀಕು ಅಂತ ರಿಪೋರ್ಟ್ ಬಂತು, ನಮ್ಮ ಫ್ರಿಜ್ ಚೀಟಿ ಫೋಟೋ ತೆಗ್ಕೊಂಡು ಹೋಗಿ ಹಣ್ಣು ಸೊಪ್ಪು ಎಲ್ಲಾ ಬಿಟ್ಟು ಎರಡು ತಿಂಗಳು ಅನ್ನ ಮಜ್ಜಿಗೆ ಮಾತ್ರ ತಿಂದ್ರು, ಹೊಟ್ಟೆ ಕಟ್ಕೊಂಡು ಒದ್ದಾಡಿದ್ರು. ಡಾಕ್ಟ್ರು ಬೈದ್ರಂತೆ, ನಿಮ್ಮ ಪೊಟ್ಯಾಶಿಯಂ 4.3 ಇದೆ, ನಿಮಗೆ ಯಾರು ಹೇಳಿದ್ರು ಬಿಡೋಕೆ ಅಂತ. ಅವರಿಗೆ ಸೊಪ್ಪು ಹಣ್ಣು ಬೇಕಾಗಿತ್ತು. ಪ್ರೋಟೀನೂ ಹಾಗೇ, ಇವಳಿಗೆ ಕೆಜಿ ತೂಕಕ್ಕೆ 0.8 ಗ್ರಾಂ ಹೇಳಿದಾರೆ, ಡಯಾಲಿಸಿಸ್ ಶುರುವಾದ್ರೆ ಅದು 1ರಿಂದ 1.2ಕ್ಕೆ ಏರುತ್ತಂತೆ, ಅಲ್ಲಿ ಪ್ರೋಟೀನ್ ಸೋರಿ ಹೋಗೋದ್ರಿಂದ ಜಾಸ್ತಿ ತಿನ್ನಬೇಕು. ಈ ಕಾಗದ ಓದೋರು ಯಾರಾದ್ರೂ ಇವತ್ತೇ ಸೊಪ್ಪು ಬಿಟ್ಬಿಟ್ರೆ ನಂಗೆ ಪಾಪ ಬರುತ್ತೆ, ಮೊದಲು ರಕ್ತದ ರಿಪೋರ್ಟು ನೋಡಿ, ನಿಮ್ಮ ಡಾಕ್ಟ್ರನ್ನ ಕೇಳಿ. ನಮ್ಮನೆ ಚೀಟಿ ನಮ್ಮನೆಗೆ ಮಾತ್ರ.

ಮಾರ್ಚ್ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ ಬರುತ್ತೆ, ಪ್ರತಿ ವರ್ಷ ಪತ್ರಿಕೆಗಳಲ್ಲಿ ಎರಡು ಹುರುಳಿಕಾಳಿನ ಆಕಾರದ ಚಿತ್ರ ಹಾಕಿ ದಿನಕ್ಕೆ ಎಂಟು ಲೋಟ ನೀರು ಕುಡೀರಿ ಅಂತ ಬರೀತಾರೆ. ಮುಂದಿನ ವರ್ಷ ಅದರ ಬದಲು ಬಸ್ಸಾರು, ಮಸ್ಸೊಪ್ಪು, ಒಬ್ಬಟ್ಟಿನ ಸಾರು, ಅವರೆಕಾಳು ಹುಳಿ, ರಾಗಿ ಮುದ್ದೆ, ಎಳನೀರು, ಇವುಗಳಲ್ಲಿ ಏನೆಷ್ಟಿದೆ ಅಂತ ಒಂದು ಕೋಷ್ಟಕ ಹಾಕಿ. ಗೊತ್ತಿರೋ ಡಯಟಿಷಿಯನ್ ಹತ್ರ ಬರೆಸಿ, ನನ್ನಂಥೋರ ಹತ್ರ ಅಲ್ಲ. ಕತ್ತರಿಸಿ ಫ್ರಿಜ್ಜಿಗೆ ಅಂಟಿಸ್ಕೊಳ್ಳೋ ಹಾಗೆ ಒಂದೇ ಕಡೆ ಪ್ರಿಂಟ್ ಮಾಡಿ, ಹಿಂದುಗಡೆ ಜಾಹೀರಾತು ಇರ್ಲಿ ಪರವಾಗಿಲ್ಲ.

ಇವಳ ಪೊಟ್ಯಾಶಿಯಂ ಹೋದ ತಿಂಗಳು 4.8, ಫಾಸ್ಫರಸ್ 4.6, ಸ್ವಲ್ಪ ಗೆರೆ ದಾಟಿದೆ ಆದ್ರೂ ರಿಜೆಕ್ಟ್ ಮಾಡೋ ಅಷ್ಟಲ್ಲ. ಈಗ ಗಾಂಧಿಬಜಾರಲ್ಲಿ ರಸಪುರಿ ಬರೋಕೆ ಶುರುವಾಗಿದೆ. ಮಾವಿನಹಣ್ಣಲ್ಲಿ 100 ಗ್ರಾಮಿಗೆ 170ರ ಆಸುಪಾಸು ಪೊಟ್ಯಾಶಿಯಂ, ವಾರಕ್ಕೆರಡು ಸಲ 50 ಗ್ರಾಂ ಅಂತ ನಮ್ಮಿಬ್ಬರ ನಡುವೆ ಒಪ್ಪಂದ ಆಗಿದೆ, ನಿನ್ನೆ ಹೋಳು ಮಾಡಿ ತಕ್ಕಡೀಲಿ ಇಟ್ಟು ಸರಿಯಾಗಿ 50 ತೂಗಿ ಬಟ್ಲಲ್ಲಿ ಕೊಟ್ಟೆ. ಅದನ್ನ ತಿಂದು ಮುಗಿಸಿ ಓಟೆನೂ ಎತ್ಕೊಂಡ್ಲು. ಓಟೆಗೆ ಅಂಟ್ಕೊಂಡಿರೋದು ತೂಕಕ್ಕೆ ಬರಲ್ಲ ಅಂತ ಅವಳ ವಾದ. ಓಟೆ ಚೀಪೋ ಮುಂಚೆ ಒಂದು ಸಲ, ಚೀಪಿದ ಮೇಲೆ ಒಂದು ಸಲ ತೂಕ ಮಾಡೋಣ ಅಂತ ಕೇಳ್ದೆ, ಕೊಡ್ಲಿಲ್ಲ.

ಇಂತಿ,
ನಿಮ್ಮ ಹಳೇ ಓದುಗ,
ಶ್ರೀನಗರ, ಬೆಂಗಳೂರು